ಬ್ಯಾಳಿ ಬೇಯದ ನೀರು, ಡಿಗ್ರಿ ಮಕ್ಕಳ ಸಂಶೋಧನೆ

ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಓದಿದವರು ಒಮ್ಮೆಯಾದರೂ ನೀರಿನ ಗಡಸುತನ ಅಳೆದಿರುತ್ತಾರೆ. ಕೋನಿಕಲ್ ಫ್ಲಾಸ್ಕಿಗೆ 50 ಮಿಲಿಲೀಟರ್ ನೀರು ಹಾಕಿ, ಮೂಗಿಗೆ ಅಡರುವ ಅಮೋನಿಯಾ ಬಫರ್ ಬೆರೆಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕ ಒಂದು ಚಿಟಿಕೆ ಬಿಟ್ಟರೆ ನೀರು ಗಾಢ ಕೆಂಪಾಗುತ್ತದೆ. ಬ್ಯೂರೆಟ್ಟಿನಿಂದ ಇಡಿಟಿಎ ದ್ರಾವಣ ಹನಿಹನಿಯಾಗಿ ಬೀಳುತ್ತ ಹೋದಂತೆ ಆ ಕೆಂಪು ನೇರಳೆಗೆ ಜಾರಿ, ಕೊನೆಯ ಒಂದೇ ಹನಿಗೆ ಸ್ವಚ್ಛ ನೀಲಿಯಾಗುತ್ತದೆ. ಆ ಹನಿಗೆ ಕೈ ನಿಲ್ಲಬೇಕು. 0.01 ಮೋಲಾರ್ ದ್ರಾವಣ 20 ಮಿಲಿಲೀಟರ್ ಖರ್ಚಾಗಿದ್ದರೆ ಆ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿಗೆ 200ರವರೆಗೆ ಸರಿ; ಬೇರೆ ನೀರೇ ಸಿಗದ ಕಡೆ 600ರವರೆಗೆ ನಡೆಯುತ್ತದೆ.

ಪ್ರಯೋಗ ಅಲ್ಲಿಗೆ ಮುಗಿಯುತ್ತದೆ. ಆ ನೀರು ಯಾವ ಊರಿನದು, ಯಾರು ಕುಡಿಯುವ ನೀರು ಎಂದು ಯಾರೂ ಕೇಳುವುದಿಲ್ಲ. ಬಹಳಷ್ಟು ಕಾಲೇಜುಗಳಲ್ಲಿ ಅದು ಪ್ರಯೋಗಾಲಯದಲ್ಲೇ ಕಲಸಿಟ್ಟ ಮಾದರಿ. ಉತ್ತರ ಎಷ್ಟು ಬರಬೇಕೆಂಬುದು ಹಿಂದಿನ ಬ್ಯಾಚಿನವರ ಜರ್ನಲ್ಲಿನಲ್ಲಿ ಬರೆದಿರುತ್ತದೆ. ತನ್ನ ಬ್ಯೂರೆಟ್ಟು 21 ತೋರಿಸಿದರೂ ವಿದ್ಯಾರ್ಥಿ 20 ಎಂದೇ ಬರೆಯುತ್ತಾನೆ, ಸಹಿ ಬೀಳುತ್ತದೆ. ಆ ಒಂದು ಮಿಲಿಲೀಟರ್ ಯಾಕೆ ಹೆಚ್ಚಾಯಿತು ಎಂದು ಕೇಳುವ ಹೊತ್ತು ಅಲ್ಲಿ ಯಾರಿಗೂ ಇಲ್ಲ. ಡಿಗ್ರಿ ಮಟ್ಟದ ಸಂಶೋಧನೆ ಎಂಬುದು ಆ ಹೊತ್ತಿನಲ್ಲಿ ಹುಟ್ಟುತ್ತದೆ, ಇಲ್ಲವೆ ಹುಟ್ಟದೇ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಈ ಲೇಖನ ಅದರ ಬಗ್ಗೆ.

ಅದೇ ಫ್ಲಾಸ್ಕಿಗೆ ಲಚ್ಯಾಣದ ಒಂದು ಬೋರಿನ ನೀರು ಬಂತು ಎಂದುಕೊಳ್ಳಿ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಈ ಊರು ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದದ್ದು. ಸೊಲ್ಲಾಪುರಕ್ಕೆ ಹೋಗುವ ರೈಲಿನ ಹಾದಿಯಲ್ಲಿ ಇದಕ್ಕೊಂದು ಸ್ಟೇಷನ್ ಇದೆ. ಇಂಥ ಊರುಗಳಿಂದ ದಿನವೂ ಬೆಳಿಗ್ಗೆ ಇಂಡಿಗೆ, ವಿಜಯಪುರಕ್ಕೆ ಡಿಗ್ರಿ ಓದಲು ಹೋಗುವ ಮಕ್ಕಳಿದ್ದಾರೆ. ಅವರಲ್ಲೊಬ್ಬಳು ಪ್ರಯೋಗಾಲಯದಲ್ಲಿ ಬಾಯಿ ಬಿಟ್ಟರೆ ಮಾತು ಹೀಗೆ ಸಾಗಬಹುದು:

‘ಮೇಡಂ, ನಮ್ಮ ಓಣಿ ಬೋರಿನ ನೀರಿಗಿ ತೊಗರಿಬ್ಯಾಳಿ ಕುದಿಯಂಗಿಲ್ರಿ. ಗುಡಿ ಬಾವಿ ನೀರಿಗಿ ಲಗೂನ ಕುದೀತೈತಿ. ಯಾಕ್ರಿ?’

‘ಯಾರ ಅಂದ್ರು?’

‘ನಮ್ಮವ್ವ ಅಂತಾಳ್ರಿ.’

‘ಹಂಗಾರ ಇನ್ನ ಹತ್ತ ಮನ್ಯಾಗ ಕೇಳ್ಕೊಂಡ ಬಾ. ಯಾವ ಬೋರು, ಎಷ್ಟ ಫೂಟು, ಯಾವ ವರ್ಷ ಹೊಡಿಸಿದ್ದು, ಎಲ್ಲಾ ಬರ್ಕೊಂಡ ಬಾ.’

ಇಲ್ಲಿಗೆ ಒಂದು ಸಂಶೋಧನೆ ಶುರುವಾಯಿತು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ. ಇಡಿಟಿಎ ಕಪಾಟಿನಲ್ಲಿದೆ, ಬ್ಯೂರೆಟ್ಟು ಸ್ಟ್ಯಾಂಡಿನಲ್ಲಿದೆ. ತಾಯಿಯ ಮಾತಿನ ಹಿಂದೆ ಗಟ್ಟಿಯಾದ ವಿಜ್ಞಾನವೂ ಇದೆ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಬೇಳೆ ಎಷ್ಟು ಕುದಿಸಿದರೂ ಒಡೆಯುವುದಿಲ್ಲ. ಅಂಥ ನೀರಿಗೆ ಹೆಣ್ಣುಮಕ್ಕಳು ಚಿಟಿಕೆ ಅಡುಗೆ ಸೋಡಾ ಹಾಕುವುದು ಇದೇ ಬಿಗಿ ಸಡಿಲಿಸಲು. ಇಂಡಿ ಕಡೆಯ ನೆಲ ದಖ್ಖನಿನ ಕಪ್ಪು ಬಸಾಲ್ಟ್ ಕಲ್ಲಿನದು. ಅಲ್ಲಿ ನೀರು ನಿಲ್ಲುವುದು ಕಲ್ಲಿನ ಬಿರುಕುಗಳಲ್ಲಿ, ಮೇಲಿನ ಶಿಥಿಲಗೊಂಡ ಪದರದಲ್ಲಿ. ಆದ್ದರಿಂದ ಒಂದೇ ಹೊಲದ ಎರಡು ಬೋರುಗಳ ನೀರು ಎರಡು ಬಗೆಯಾಗಿರಬಹುದು, ಒಂದು ಸಿಹಿ, ಇನ್ನೊಂದು ಸವಳು. ಲಚ್ಯಾಣದ ಯಾವ ಓಣಿಯ ಯಾವ ಬೋರು ಹೇಗಿದೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಸಿಗದ ಸಂಗತಿ. ಕೇಳಿದ ಕೂಡಲೇ ವರದಿ ಬರೆದುಕೊಡುವ ಮೊಬೈಲಿನ ಆ್ಯಪಿಗೂ ಅದು ಗೊತ್ತಿರಲು ಸಾಧ್ಯವಿಲ್ಲ. ಊರಿಗೆ ಹೋಗಿ, ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದವರಿಗೆ ಮಾತ್ರ ಅದು ತಿಳಿಯುತ್ತದೆ.

ಈ ದಾರಿಯಲ್ಲಿ ಗುರು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಮಾರ್ಗದರ್ಶನ’ ಎಂದು ಪ್ರಮಾಣಪತ್ರದಲ್ಲಿ ಬರೆದುಬಿಡುತ್ತೇವೆ, ಒಳಗೆ ಏನೇನಿದೆ ಎಂದು ಹೇಳುವವರು ಕಡಿಮೆ.

ಮೊದಲನೆಯದು ಪ್ರಶ್ನೆಯನ್ನು ಸಣ್ಣದು ಮಾಡುವುದು. ‘ವಿಜಯಪುರ ಜಿಲ್ಲೆಯ ನೀರಿನ ಗುಣಮಟ್ಟ’ ಎಂಬ ವಿಷಯ ಹಿಡಿದುಕೊಂಡು ಬಂದ ಹುಡುಗಿಗೆ ‘ಒಂದೂರು, ಹತ್ತು ಬೋರು, ಒಂದೇ ಗುಣ’ ಎಂದು ಒಪ್ಪಿಸಲು ಎರಡು ವಾರ ಬೇಕಾಗಬಹುದು. ಸಣ್ಣದಾದರೆ ಮರ್ಯಾದೆ ಕಡಿಮೆಯಾಯಿತು ಎಂದು ಮಕ್ಕಳಿಗೆ ಅನಿಸುತ್ತದೆ; ಸಣ್ಣ ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರ ಸಿಗುತ್ತದೆ ಎಂಬುದು ಮಾಡಿ ನೋಡಿದ ಮೇಲೇ ತಿಳಿಯುವುದು. ಆಮೇಲೆ ನೀರು ತರುವ ರೀತಿ. ಮೋಟಾರು ಚಾಲೂ ಮಾಡಿ ಕೆಲವು ನಿಮಿಷ ನೀರು ಹರಿಯಬಿಡಬೇಕು, ಪೈಪಿನಲ್ಲಿ ನಿಂತ ಹಳೇ ನೀರು ಹೋಗಬೇಕು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಬಾಯಿಮಟ ತುಂಬಬೇಕು. ಬಾಟಲಿಯ ಮೇಲೆ ಮನೆಯವರ ಹೆಸರು ಬರೆಯಬಾರದು, ನಂಬರ್ ಮಾತ್ರ ಇರಬೇಕು. ಯಾವ ನಂಬರ್ ಯಾರದೆಂಬ ಪಟ್ಟಿ ಗುರುವಿನ ಬಳಿ ಇರಬೇಕು, ಅಳೆಯುವವಳಿಗೆ ಗೊತ್ತಿರಬಾರದು. ಗೊತ್ತಿದ್ದರೆ ಅವ್ವ ‘ಕೆಟ್ಟದು’ ಎಂದ ಬೋರಿನ ನೀರಿಗೆ ಕಣ್ಣು ತಾನಾಗಿಯೇ ಅರ್ಧ ಹನಿ ಹೆಚ್ಚು ಕೊಡುತ್ತದೆ. ಯಾರೂ ಬೇಕೆಂದು ಮಾಡುವ ಮೋಸವಲ್ಲ ಅದು, ಮನುಷ್ಯರ ಕಣ್ಣಿನ ಸ್ವಭಾವ. ಪ್ರತಿ ಬಾಟಲಿಗೆ ಮೂರು ಸಲ ಟೈಟ್ರೇಷನ್, ಮೂರೂ 0.1 ಮಿಲಿಲೀಟರಿನೊಳಗೆ ಕೂಡಬೇಕು. ಇದೇ ಬೋರುಗಳನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ನೋಡಬೇಕು.

ಇಷ್ಟೆಲ್ಲ ಆಗಿ ಫಲಿತಾಂಶ ತಾಯಂದಿರ ಮಾತಿಗೆ ಹೊಂದದಿದ್ದರೆ? ಬೇಳೆ ಬೇಯುವುದಿಲ್ಲ ಎಂದು ಹತ್ತು ಮನೆಯವರು ಹೇಳಿದ ಬೋರಿನ ಗಡಸುತನ ಬರೀ 180 ಬಂದರೆ? ಒಳ್ಳೆಯ ಗುರು ಬೇಕಾಗುವುದು ಆ ದಿನ. ಅಂಕಿ ತಿದ್ದಿಬಿಡುವ ಆಸೆ ಹುಟ್ಟುವುದೂ ಆ ದಿನವೇ. ಗುರು ಪಕ್ಕದಲ್ಲಿ ಕೂತು, ‘ಅಂಕಿ ಹಂಗೇ ಇರ್ಲಿ. ಬೇರೆ ಏನ್ ಕಾರಣ ಇರಬಹುದು, ಹೇಳು ನೋಡೋಣ’ ಎಂದರೆ ಹುಡುಗಿಯ ತಲೆ ಓಡುತ್ತದೆ. ಬೇಳೆ ಹಳೆಯದಿರಬಹುದು, ಬಹಳ ದಿನ ಸೆಕೆಯಲ್ಲಿಟ್ಟ ಕಾಳು ಎಂಥ ನೀರಿನಲ್ಲೂ ತಡವಾಗಿ ಬೇಯುತ್ತದೆ. ಹಾಗಾದರೆ ಎಲ್ಲ ಮನೆಗೂ ಒಂದೇ ಅಂಗಡಿಯ, ಒಂದೇ ಚೀಲದ ಬೇಳೆ ತೂಗಿ ಕೊಟ್ಟು ಮತ್ತೆ ನೋಡಬೇಕು. ಈ ಎರಡನೇ ಸುತ್ತಿಗೆ ಹೋದ ವಿದ್ಯಾರ್ಥಿನಿ ಕಲಿತದ್ದನ್ನು ಯಾವ ಪರೀಕ್ಷೆಯೂ ಅಳೆಯಲಾರದು. ಊರಿಗೆ ಉಪಯೋಗ ಬೇರೆ: ವಿಜಯಪುರ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ, ಅದರ ಮೇಲ್ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಗಡಸುತನ ಅಳೆಯಲು ಕಲಿತ ಗುಂಪು ಮುಂದಿನ ವರ್ಷ ಅದನ್ನೂ ಅಳೆಯಬಲ್ಲದು.

ಪದವಿ ವಿದ್ಯಾರ್ಥಿಗಳೂ ಸಂಶೋಧನೆ ಮಾಡಬೇಕೆಂಬ ವಿಚಾರ ಇಂದಿನದಲ್ಲ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಕಟ್ಟಿದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಪಾಠ ಮತ್ತು ಸಂಶೋಧನೆ ಒಂದೇ ಸೂರಿನಡಿ ಇರಬೇಕೆಂದರು. ಅಮೆರಿಕದ ಎಂಐಟಿಯಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಎಂಬ ಅಧ್ಯಾಪಕಿ ಡಿಗ್ರಿ ಮಕ್ಕಳು ಪ್ರಾಧ್ಯಾಪಕರ ಜೊತೆ ಪ್ರಯೋಗಾಲಯದಲ್ಲಿ ದುಡಿಯುವ ವ್ಯವಸ್ಥೆ ಕಟ್ಟಿದರು. ಇವತ್ತಿಗೂ ಜಗತ್ತು ಅದನ್ನು ಮಾದರಿ ಎನ್ನುತ್ತದೆ. ನನಗೆ ಹೆಚ್ಚು ಹತ್ತಿರವೆನಿಸುವುದು 2008ರಲ್ಲಿ ಅಮೆರಿಕದಲ್ಲೇ ಶುರುವಾದ ಇನ್ನೊಂದು ಕೆಲಸ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಮತ್ತು ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಸೇರಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅಂಗಳದ ಮಣ್ಣು ತರಲು ಹೇಳಿದರು. ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಹುಡುಕಬೇಕು. ಸಿಕ್ಕಿದ್ದು ಹೊಸದಾದರೆ ಹೆಸರಿಡುವುದು ಆ ವಿದ್ಯಾರ್ಥಿಯೇ. ಇದು ಆಯ್ದ ನಾಲ್ಕು ಜಾಣರಿಗೆ ಮೀಸಲಾಗಿರಲಿಲ್ಲ. ಟೈಮ್‌ಟೇಬಲ್ಲಿನಲ್ಲಿದ್ದ ಪ್ರಾಕ್ಟಿಕಲ್ ತರಗತಿಯನ್ನೇ ಸಂಶೋಧನೆಯಾಗಿ ತಿರುಗಿಸಿದ್ದರಿಂದ ಕೂತ ಎಲ್ಲರಿಗೂ ದಕ್ಕಿತು. ಮನೆಯ ಬೋರಿನ ನೀರು ತನ್ನಿ ಎನ್ನುವುದಕ್ಕೂ ಇದಕ್ಕೂ ದೂರವೇನಿಲ್ಲ.

ನಮ್ಮಲ್ಲಿ ಈ ಮಾತು ನೀತಿಯ ಏರಿಳಿತದಲ್ಲಿ ಸಿಕ್ಕಿಕೊಂಡಿತು. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಗೆ ದಾರಿ ಮಾಡಿತು. 2022ರ ಡಿಸೆಂಬರಿನಲ್ಲಿ ಯುಜಿಸಿ ತಂದ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಅಂಕ ಪಡೆದವರು ನಾಲ್ಕನೇ ವರ್ಷ 12 ಕ್ರೆಡಿಟ್ಟಿನ ಸಂಶೋಧನಾ ಯೋಜನೆ ಮಾಡಬಹುದು. ರಾಜ್ಯ ಸರ್ಕಾರ ಬದಲಾದ ಮೇಲೆ, ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯಂತೆ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. ಎರಡರಲ್ಲಿ ಯಾವುದು ಸರಿ ಎಂಬ ವಾದ ಇಲ್ಲಿ ಬೇಡ. ಶೇಕಡಾ 75 ಬಂದವರಿಗೆ ಮಾತ್ರ ಸಂಶೋಧನೆ, ಅದೂ ನಾಲ್ಕನೇ ವರ್ಷಕ್ಕೆ ಎಂಬ ಯೋಚನೆಯನ್ನು ಮಾತ್ರ ನಾನು ಒಪ್ಪಲಾರೆ. ಬ್ಯಾಳಿ ಯಾಕೆ ಬೇಯುವುದಿಲ್ಲ ಎಂದು ಕೇಳುವ ಹುಡುಗಿಗೆ ಶೇಕಡಾ 58 ಬಂದಿರಬಹುದು. ಅವಳ ಪ್ರಶ್ನೆ ಮೊದಲ ವರ್ಷವೇ ಹುಟ್ಟಿರುತ್ತದೆ, ಮೂರು ವರ್ಷ ಕಾಯಿಸಿದರೆ ಉಳಿಯುವುದಿಲ್ಲ.

ಸಂಶೋಧನೆಗೆ ಪದವಿಯೇ ಬೇಕಿಲ್ಲ ಎಂದು ತೋರಿಸಿಕೊಟ್ಟ ನೆಲವೂ ಇದೇ. ಇಂದಿನ ಚಡಚಣ ತಾಲ್ಲೂಕು ಮೊದಲು ಇಂಡಿ ತಾಲ್ಲೂಕಿನಲ್ಲೇ ಇತ್ತು. ಅಲ್ಲಿನ ಹಲಸಂಗಿಯಲ್ಲಿ 1920ರ ದಶಕದಲ್ಲಿ ಒಂದು ಗೆಳೆಯರ ಗುಂಪು ಕೂಡಿತು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. 1903ರಲ್ಲಿ ಹುಟ್ಟಿದ ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ನಿಂತಿತ್ತು. ಅವರಿಗಿಂತ ಎರಡು ವರ್ಷ ಚಿಕ್ಕವರಾದ ಲಿಂಗಣ್ಣ ಶಾಲಾ ಮಾಸ್ತರರು. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಇವರು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು, ಬಿ.ಎಂ.ಶ್ರೀ. ಅದಕ್ಕೆ ಮುನ್ನುಡಿ ಬರೆದರು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಆಮೇಲೆ ಬಂದವು. ಕನ್ನಡದಲ್ಲಿ ಜಾನಪದದ ಅಧ್ಯಯನಕ್ಕೆ ಅಡಿಪಾಯ ಬಿದ್ದದ್ದು ಹೀಗೆ, ಕಾಲೇಜಿನ ಮೆಟ್ಟಿಲು ತುಳಿಯದ ಇಪ್ಪತ್ತರ ಹರೆಯದ ಹುಡುಗರ ಕೈಯಿಂದಲೂ.

ಇವರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಂಗತಿ. ಮನೆಯೊಳಗಿನ ಹೆಣ್ಣುಮಕ್ಕಳಿಗೆ ಗೊತ್ತಿರುವುದು ಬರೆದಿಡಲು ತಕ್ಕ ಜ್ಞಾನ ಎಂದು ಅವರು ಬಗೆದರು. ಬೀಸುಕಲ್ಲಿನ ಹಾಡನ್ನು ಅವರಿಗಿಂತ ಮೊದಲು ಊರಿನ ಎಲ್ಲ ಗಂಡಸರೂ ಕೇಳಿದ್ದರು, ದಾಖಲೆ ಮಾಡಬೇಕೆಂದು ಅನಿಸಿದ್ದು ಕೆಲವರಿಗೆ. ಆ ಕೆಲವರಿಗೂ ಆಸರೆ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಹೇಳುವ ಗೆಳೆತನವಿತ್ತು, ಧಾರವಾಡದಲ್ಲಿ ಬೇಂದ್ರೆಯವರ ಒಡನಾಟವಿತ್ತು.

ವಿಜಯಪುರದಲ್ಲಿ ವಕೀಲಿ ಮಾಡುತ್ತ ಊರೂರಿನ ತಾಡೋಲೆ ಕೂಡಿಸಿದ ಫ.ಗು. ಹಳಕಟ್ಟಿಯವರದೂ ಇದೇ ಜಾತಿಯ ಕೆಲಸ. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ ಆ ದಾರಿಯನ್ನು ವಿಶ್ವವಿದ್ಯಾಲಯದೊಳಗೆ ಮುಂದುವರಿಸಿದರು. ಆದಿಲಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ವಿಜಯಪುರದ ದೊಡ್ಡ ಯೋಜನೆಗೂ ಅವರದೇ ಸಂಪಾದಕತ್ವವಿತ್ತು. ಇಂಥವರು ತಲೆಮಾರಿಗೆ ಒಬ್ಬಿಬ್ಬರು. ಅವರು ಗುರುವಿಗಾಗಿ, ಅನುದಾನಕ್ಕಾಗಿ ಕಾಯಲಿಲ್ಲ. ಆದರೆ ಅವರನ್ನು ತೋರಿಸಿ ‘ಮನಸ್ಸಿದ್ದರೆ ಮಾರ್ಗ’ ಎಂದು ಸಾಮಾನ್ಯ ವಿದ್ಯಾರ್ಥಿಯ ಬೆನ್ನು ತಟ್ಟಿ ಕಳಿಸುವುದು ಅನ್ಯಾಯ. ಕಾಲೇಜುಗಳನ್ನು ಕಟ್ಟಿರುವುದು ಸಾಮಾನ್ಯರಿಗಾಗಿ, ಅವರಿಗೆ ಕೈ ಹಿಡಿಯುವವರು ಬೇಕು.

ಪ್ರಶ್ನೆಗಳಿಗಂತೂ ಈ ಜಿಲ್ಲೆಯಲ್ಲಿ ಬರವಿಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾರುಕಟ್ಟೆಯಲ್ಲಿ ದಿನದಿನದ ದರ ಬರೆದಿಟ್ಟು ಮಾನ್ಯತೆಯಿಂದ ಬೆಳೆಗಾರನ ಕೈಗೆ ಏನು ಬಂತೆಂದು ನೋಡುವುದು ಬಿ.ಕಾಂ. ವಿದ್ಯಾರ್ಥಿಗೆ ತಕ್ಕ ಕೆಲಸ. ಲಿಂಬೆ ಎಲೆಯ ಕಜ್ಜಿ ರೋಗ ಸಸ್ಯಶಾಸ್ತ್ರದವರಿಗೆ. ಬಸವನ ಬಾಗೇವಾಡಿ ಕಡೆ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ, ಸುತ್ತಲಿನ ಹೊಲದ ಎಲೆಗಳ ಮೇಲೆ ಕೂರುವ ಬೂದಿಯನ್ನು ತೂಗಿ ನೋಡಬಹುದು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರ ಮೂರನೇ ತಲೆಮಾರು ಈಗ ಕಾಲೇಜಿನಲ್ಲಿದೆ. ಅಜ್ಜ ಅಜ್ಜಿಯ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಸಮಾಜಶಾಸ್ತ್ರದವರಿಗೆ ಇನ್ನು ಹೆಚ್ಚು ವರ್ಷ ಉಳಿದಿಲ್ಲ. ಮುದ್ದೇಬಿಹಾಳದವರ ಕೈಯಳತೆಯಲ್ಲೇ 1565ರ ರಕ್ಕಸತಂಗಡಗಿ ಯುದ್ಧದ ನೆಲವಿದೆ.

ಲಚ್ಯಾಣಕ್ಕೇ ಮರಳಿದರೆ ಅಲ್ಲಿ ಇನ್ನೊಂದು ಪ್ರಶ್ನೆ ಕಾದಿದೆ. 2024ರ ಏಪ್ರಿಲ್ 3ರ ಸಂಜೆ ಈ ಊರಿನ ಹೊಲದಲ್ಲಿ ಎರಡು ವರ್ಷವೂ ತುಂಬದ ಕೂಸು ತೆರೆದ ಕೊಳವೆಬಾವಿಗೆ ಬಿತ್ತು. ಪಕ್ಕದಲ್ಲಿ ಗುಂಡಿ ತೋಡಿ, ಕಲ್ಲು ಒಡೆದು, ಸುಮಾರು 20 ತಾಸು ಹೋರಾಡಿ ರಕ್ಷಣಾ ಸಿಬ್ಬಂದಿ ಮರುದಿನ ಮಗುವನ್ನು ಜೀವಂತ ಮೇಲೆತ್ತಿದರು. ನಾಡೇ ನಿಟ್ಟುಸಿರು ಬಿಟ್ಟಿತು. ಇಂಥ ಅವಘಡ ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟ ನಿಯಮ ಕೊಟ್ಟಿದೆ: ಕೊರೆಸುವ 15 ದಿನ ಮೊದಲು ಲಿಖಿತ ತಿಳಿವಳಿಕೆ, ಸುತ್ತ ಬೇಲಿ, ಕೇಸಿಂಗ್ ಪೈಪಿನ ಸುತ್ತ ಸಿಮೆಂಟಿನ ಕಟ್ಟೆ, ಬಾಯಿಗೆ ಬೆಸುಗೆ ಹಾಕಿದ ಅಥವಾ ಬೋಲ್ಟು ಬಿಗಿದ ಮುಚ್ಚಳ, ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬುವುದು. ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ಎಷ್ಟು ಬೋರುಗಳಿವೆ, ಎಷ್ಟು ಬತ್ತಿವೆ, ಬತ್ತಿದವುಗಳಲ್ಲಿ ಎಷ್ಟಕ್ಕೆ ಮುಚ್ಚಳವಿದೆ, ಒಂದು ಬೋರು ಬತ್ತಿದಾಗ ಆ ಮನೆಯ ಸಾಲ ಎಷ್ಟಾಯಿತು? ಬಿ.ಎ. ಓದುವ ಆರು ಜನ ಸೇರಿದರೆ ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸಬಹುದಾದ ಸಮೀಕ್ಷೆ ಇದು.

ಇಲ್ಲಿ ಗುರುವಿನ ಹೊಣೆ ಪ್ರಯೋಗಾಲಯದಲ್ಲಿರುವುದಕ್ಕಿಂತ ದೊಡ್ಡದು. ಹಾಳೆ ಪೆನ್ನು ಹಿಡಿದು ಹೊಲಕ್ಕೆ ಬಂದ ಹುಡುಗರನ್ನು ಕಂಡರೆ ರೈತ ಹೆದರುತ್ತಾನೆ, ಎಲ್ಲಿ ಕೇಸು ಹಾಕುತ್ತಾರೋ ಎಂದು. ಹೋಗುವ ಮೊದಲೇ ಗುರು ಪಂಚಾಯಿತಿಗೆ ಹೋಗಿ ಮಾತಾಡಿರಬೇಕು. ಹೊಲದವರ ಹೆಸರು ವರದಿಯಲ್ಲಿ ಬರುವುದಿಲ್ಲ ಎಂದು ಹೇಳಬೇಕು, ಹೇಳಿದಂತೆ ನಡೆಯಬೇಕು. ಬೇಡವೆಂದವರನ್ನು ಒತ್ತಾಯಿಸದೆ ಬಿಟ್ಟು ಬರುವುದನ್ನು ಮಕ್ಕಳಿಗೆ ಕಲಿಸಬೇಕು. ಸಮೀಕ್ಷೆಯ ನಡುವೆ ಬಾಯಿ ತೆರೆದ ಬೋರು ಕಂಡರೆ ವರದಿ ಮುಗಿಯುವವರೆಗೆ ಕಾಯುವಂತಿಲ್ಲ, ಅವತ್ತೇ ಮಾಲೀಕರಿಗೂ ಪಂಚಾಯಿತಿಗೂ ತಿಳಿಸಿ ಮುಚ್ಚಿಸಬೇಕು. ಈ ಜವಾಬ್ದಾರಿಯನ್ನು ಹತ್ತೊಂಬತ್ತರ ಹುಡುಗರ ಹೆಗಲಿಗೆ ಹಾಕಿ ಗುರು ಸ್ಟಾಫ್ ರೂಮಿನಲ್ಲಿ ಕೂರಲಾಗದು.

ಆದರೆ ಆ ಗುರು ಯಾರು? ಮಾತು ಕಠಿಣವಾಗುವುದು ಇಲ್ಲಿ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ಅವರ ಗೌರವಧನ ವಾರದ ಪಾಠದ ತಾಸುಗಳಿಗೆ ಕಟ್ಟಿದ್ದು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಚಿಂತೆ ಅವರದು; ಎರಡು ಹಂಗಾಮಿನ ನೀರು ಅಳೆಯುವ ಯೋಜನೆಯನ್ನು ಯಾವ ಧೈರ್ಯದ ಮೇಲೆ ಕೈಗೆತ್ತಿಕೊಳ್ಳುತ್ತಾರೆ? ಕಾಯಂ ಅಧ್ಯಾಪಕರಿಗೆ ಪಾಠ, ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಪ್ರವೇಶಾತಿ, ನ್ಯಾಕ್ ಮಾನ್ಯತೆಯ ಕಡತ. ಎಷ್ಟು ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಿದರು ಎಂದು ನ್ಯಾಕ್ ಕೇಳುತ್ತದೆ. ಸಂಖ್ಯೆ ಕೇಳಿದರೆ ಸಂಖ್ಯೆ ಸಿಗುತ್ತದೆ. ಸೆಮಿಸ್ಟರ್ ಕೊನೆಗೆ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ರೆಕ್ಸಿನ್ ಹೊದಿಕೆ, ಬಂಗಾರದ ಅಕ್ಷರದ ವರದಿಗಳು ಸಾಲಾಗಿ ಬೈಂಡ್ ಆಗುತ್ತವೆ. ಒಳಗಿನ ಪುಟಗಳು ಒಂದೇ ಕಡತದಿಂದ ಬಂದವು, ಬೇರೆಯಾಗುವುದು ಹೆಸರು ಮತ್ತು ರಿಜಿಸ್ಟರ್ ನಂಬರ್. ಇದಕ್ಕಾಗಿ ಮಕ್ಕಳನ್ನು ಬೈಯಲು ನನಗೆ ಮನಸ್ಸು ಬಾರದು. ಆರು ತಿಂಗಳಲ್ಲಿ ಒಮ್ಮೆಯೂ ‘ಎಲ್ಲಿಗೆ ಬಂತು ನಿನ್ನ ಕೆಲಸ, ನೋಟ್‌ಬುಕ್ ತೋರಿಸು’ ಎಂದು ಯಾರೂ ಕೇಳದಿದ್ದರೆ ಅವರು ಬೇರೇನು ಮಾಡಿಯಾರು?

ಆದ್ದರಿಂದ ನನ್ನ ಒತ್ತಾಯ ಒಂದೇ. ಮಾರ್ಗದರ್ಶನದ ತಾಸನ್ನು ಕಾರ್ಯಭಾರದಲ್ಲಿ ಎಣಿಸಬೇಕು. ಐದಾರು ವಿದ್ಯಾರ್ಥಿಗಳ ಒಂದು ಗುಂಪಿಗೆ ವಾರಕ್ಕೆ ಒಂದು ತಾಸು, ಅದು ಟೈಮ್‌ಟೇಬಲ್ಲಿನಲ್ಲಿ ಅಚ್ಚಾಗಿರಬೇಕು, ಅತಿಥಿ ಉಪನ್ಯಾಸಕರಾದರೆ ಅದಕ್ಕೂ ಗೌರವಧನ ಸಿಗಬೇಕು. ‘ಕ್ಲಾಸ್ ಮುಗಿದ ಮೇಲೆ ಬಂದು ಕಾಣಿ’ ಎಂಬ ವ್ಯವಸ್ಥೆ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳನ್ನು ಮೊದಲ ದಿನವೇ ಹೊರಗಿಡುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಹೇಳಬೇಕಾದ ಉತ್ತರ ಅವರಿಗೆ ಪ್ರಾಜೆಕ್ಟಿಗಿಂತ ದೊಡ್ಡ ಚಿಂತೆ. ಕೃಷಿ ಪದವಿಯಲ್ಲಿ ಈ ಲೆಕ್ಕ ಎಂದೋ ಕೂಡಿದೆ: ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು ರೈತರ ಜೊತೆ ದುಡಿಯುವುದು ಪಠ್ಯಕ್ರಮದ ಭಾಗ, ಅದಕ್ಕೆ ಕ್ರೆಡಿಟ್ಟಿದೆ, ಮೇಲ್ವಿಚಾರಣೆಗೆ ಅಧ್ಯಾಪಕರಿದ್ದಾರೆ. ವಿಜಯಪುರದಲ್ಲೇ ಕೃಷಿ ಕಾಲೇಜಿದೆ. ಪಕ್ಕದ ಬಿ.ಎ., ಬಿ.ಎಸ್ಸಿ. ಕಾಲೇಜುಗಳು ಅದನ್ನು ನೋಡಿ ಕಲಿಯಲು ಅಡ್ಡಿಯೇನಿಲ್ಲ.

ಇರುವ ಅವಕಾಶಗಳನ್ನು ಮಕ್ಕಳಿಗೆ ಮುಟ್ಟಿಸುವುದೂ ಗುರುವಿನ ಕೆಲಸವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತ ಬಂದಿದೆ. ಅದಕ್ಕೆ ವಿದ್ಯಾರ್ಥಿಗಳ ಜೊತೆ ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದು ನಮ್ಮ ಅಧ್ಯಾಪಕರಲ್ಲೇ ಹಲವರಿಗೆ ಗೊತ್ತಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಡಿಗ್ರಿ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಕರೆದು ರಸಾಯನ, ಜೀವವಿಜ್ಞಾನದ ಸಂಶೋಧನೆಯಲ್ಲಿ ತೊಡಗಿಸುತ್ತ ಬಂದಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಯೋಜನೆಗಳಿಗೆ ಸಹಾಯಧನ ಕೊಡುತ್ತಿದೆ, ಮುಖ್ಯವಾಗಿ ಎಂಜಿನಿಯರಿಂಗಿನವರಿಗೆ. ಇಂಥ ಅರ್ಜಿಗಳಲ್ಲಿ ‘ನಿಮ್ಮ ಆಸಕ್ತಿ ಏನು, ಇದುವರೆಗೆ ಏನು ಮಾಡಿದ್ದೀರಿ’ ಎಂದು ಬರೆಯಬೇಕಾಗುತ್ತದೆ, ಅದೂ ಇಂಗ್ಲಿಷಿನಲ್ಲಿ. ಇಂಡಿ, ಸಿಂದಗಿಯ ಮಕ್ಕಳು ಕೈಚೆಲ್ಲುವುದು ಆ ಪುಟದಲ್ಲಿ. ಹತ್ತು ಬೋರಿನ ನೀರನ್ನು ಎರಡು ಹಂಗಾಮಿನಲ್ಲಿ ಅಳೆದವಳಿಗೆ ಅಲ್ಲಿ ಬರೆಯಲು ತನ್ನದೇ ವಿಷಯವಿರುತ್ತದೆ. ಭಾಷೆ ತಿದ್ದಿಕೊಡಲು ಒಬ್ಬ ಇಂಗ್ಲಿಷ್ ಅಧ್ಯಾಪಕರು ಅರ್ಧ ತಾಸು ಕೂತರೆ ಸಾಕು.

ಹೊಲದಲ್ಲಿ, ಪ್ರಯೋಗಾಲಯದಲ್ಲಿ ಬರೆಯುವ ನೋಟ್‌ಬುಕ್ ಮಾತ್ರ ಕನ್ನಡದಲ್ಲೇ ಇರಲಿ. ಯೋಚನೆ ಬಂದ ಭಾಷೆಯಲ್ಲಿ ಬರೆದರೆ ಸುಳ್ಳು ಬರೆಯುವುದು ಕಷ್ಟ, ತಪ್ಪು ಕಾಣುವುದು ಸುಲಭ. ವರದಿಯ ಒಂದು ಪ್ರತಿ ಇಂಗ್ಲಿಷಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋದರೆ ಎರಡು ಪುಟದ ಕನ್ನಡ ಸಾರಾಂಶ ಪಂಚಾಯಿತಿಗೆ ಹೋಗಬೇಕು, ಸಾಧ್ಯವಾದರೆ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೇ ಓದಿ ಹೇಳಬೇಕು. ಅಲ್ಲಿ ಏಳುವ ಪ್ರಶ್ನೆ ಯಾವ ವೈವಾ ಪರೀಕ್ಷಕರ ಪ್ರಶ್ನೆಗೂ ಕಡಿಮೆಯಿರುವುದಿಲ್ಲ. ನೀರು ಕೊಟ್ಟ ಹತ್ತು ಮನೆಯವರಿಗೆ ತಮ್ಮ ಬಾಟಲಿಯ ಅಂಕಿ ಏನು ಬಂತೆಂದು ತಿಳಿಯುವ ಹಕ್ಕಿದೆ.

ಕೊನೆಯ ಪ್ರಶ್ನೆ, ಆ ನೋಟ್‌ಬುಕ್ ಎಲ್ಲಿ ಹೋಗುತ್ತದೆ ಎಂಬುದು. ಈಗ ಮೂರನೇ ವರ್ಷದವರು ಹೊರಟ ಕೂಡಲೇ ಅವರ ಅಂಕಿಗಳೂ ಹೊರಟುಹೋಗುತ್ತವೆ, ಮುಂದಿನ ಬ್ಯಾಚು ಮತ್ತೆ ಸೊನ್ನೆಯಿಂದ ತೊಡಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ತನ್ನ ವೀಕ್ಷಣಾ ಬಾವಿಗಳ ನೀರಿನ ಮಟ್ಟ ಅಳೆಯುತ್ತದೆ, ಆದರೆ ಪ್ರತಿ ಊರಿನ ಪ್ರತಿ ಓಣಿಗೆ ಒಂದೊಂದು ವೀಕ್ಷಣಾ ಬಾವಿ ಇಡಲು ಯಾವ ಸರ್ಕಾರಕ್ಕೂ ಆಗದು. ಇಂಡಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಲಚ್ಯಾಣದ ಅವೇ ಹತ್ತು ಬೋರುಗಳನ್ನು ಬ್ಯಾಚಿನಿಂದ ಬ್ಯಾಚಿಗೆ ದಾಟಿಸುತ್ತ ಹತ್ತು ವರ್ಷ ಅಳೆದರೆ, ಬರ ಬಂದ ವರ್ಷ ಗಡಸುತನ ಎಷ್ಟು ಏರುತ್ತದೆ, ಒಳ್ಳೆಯ ಮಳೆಯ ನಂತರ ಎಷ್ಟು ಇಳಿಯುತ್ತದೆ ಎಂದು ಜಿಲ್ಲಾ ಪಂಚಾಯಿತಿಯೇ ಬಂದು ಕೇಳುವಂಥ ದಾಖಲೆ ಅದಾಗುತ್ತದೆ. ಅದಕ್ಕೆ ಬೇಕಾದದ್ದು ವಿಭಾಗದ ಕಪಾಟಿನಲ್ಲಿ ಬೀಗವಿರುವ ಒಂದು ಖಾನೆ, ಪ್ರತಿ ಪುಟದಲ್ಲಿ ದಿನಾಂಕ ಮತ್ತು ಅಳೆದವರ ಸಹಿ, ಜೂನ್ ತಿಂಗಳಲ್ಲಿ ಹಳೇ ಬ್ಯಾಚಿನ ಇಬ್ಬರು ಬಂದು ಹೊಸಬರನ್ನು ಬೋರುಗಳ ಬಳಿಗೆ ಕರೆದುಕೊಂಡು ಹೋಗಿ ತೋರಿಸುವ ಒಂದು ದಿನ.